ಹಾಸುಹೊಕ್ಕಾದ ಕಪ್ಪು

ಚಾಮರಾಜನಗರ ತಾಲ್ಲೂಕಿನ ಜ್ಯೋತಿಗೌಡನಪುರದ ಕಡೆಯ ಒಂದು ಕ್ವಾರಿ. ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ, ಆಗತಾನೇ ಕೊಯ್ದು ಉರುಳಿಸಿದ ದಿಮ್ಮಿಯೊಂದು ಮಲಗಿತ್ತು. ಆಳಿಗಿಂತ ಉದ್ದ, ಎದೆಮಟ್ಟ ಎತ್ತರ. ಬಣ್ಣ ಮಾತ್ರ ಒಲೆಯಿಂದ ಗೋರಿದ ಬೂದಿಯಷ್ಟು ಮಂಕು. ‘ಇದೇನಾ ಕರಿಕಲ್ಲು?’ ಎಂದೆ. ಮೇಸ್ತ್ರಿ ಉತ್ತರ ಹೇಳಲಿಲ್ಲ. ಕೈಯಲ್ಲಿದ್ದ ಬಾಟಲಿ ಬಗ್ಗಿಸಿ ಕಲ್ಲಿನ ಮೇಲೆ ಒಂದು ಬೊಗಸೆಯಷ್ಟು ನೀರು ಸುರಿದರು. ನೀರು ಹರಿದಷ್ಟು ಜಾಗ ಕಣ್ಣೆದುರೇ ಕಪ್ಪಾಯಿತು. ಹಳೇ ಬಾವಿಯೊಳಗೆ ಇಣುಕಿದಾಗ ಕಾಣುವಂಥ ಕಪ್ಪು.

‘ಇವಾಗ ನೋಡಿ ಸಾ’ ಎಂದು ಅವರು ಮಂಡಿಯೂರಿ ಕೂತು, ಒದ್ದೆ ಜಾಗವನ್ನು ಅಂಗುಲ ಅಂಗುಲವಾಗಿ ನೋಡತೊಡಗಿದರು. ಹುಡುಕುತ್ತಿದ್ದದ್ದು ಬಿಳಿ ಗೆರೆಯನ್ನು. ಕೂದಲೆಳೆಯಷ್ಟು ಬಿಳಿ ಗೆರೆ ದಿಮ್ಮಿಯ ಅಡ್ಡಕ್ಕೆ ಹೋಗಿದ್ದರೂ ಅದರ ಬೆಲೆ ಬಿದ್ದುಹೋಗುತ್ತದೆ. ಎರಡು ನಿಮಿಷದಲ್ಲಿ ನೀರು ಆರಿತು, ಕಲ್ಲು ಮತ್ತೆ ಬೂದಿಯಾಯಿತು. ಅವರು ಇನ್ನೊಂದು ಬೊಗಸೆ ಸುರಿದರು.

ಒಂದು ಬೊಗಸೆ ನೀರಿಗೆ ಬಣ್ಣ ಬದಲಿಸುವ ಕಲ್ಲಿನೊಳಗೆ ಏನಿದೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದರ ಬೆನ್ನುಹತ್ತಿ ಹೋದರೆ ಸಿಗುವುದು, ಎರಡು ಬಗೆಯ ಕಣಗಳು ಒಂದರೊಳಗೊಂದು ಹೆಣೆದುಕೊಂಡ ವಸ್ತುಗಳನ್ನು ಅಳೆಯುವ ಒಂದು ದೊಡ್ಡ ವಿದ್ಯೆ. ಉಕ್ಕು, ಕಾಂಕ್ರೀಟು, ಮೂಳೆ, ಐಸ್‌ಕ್ರೀಮು ಎಲ್ಲಕ್ಕೂ ಅದೇ ವಿದ್ಯೆ ಬೇಕು. ಆದರೆ ಅದು ಮೊದಲು ಬೆಳೆದದ್ದು ಕಲ್ಲಿನ ಮೇಲೆಯೇ.

ವ್ಯಾಪಾರದಲ್ಲಿ ಇದಕ್ಕೆ ‘ಬ್ಲ್ಯಾಕ್ ಗ್ರಾನೈಟ್’ ಎಂದು ಹೆಸರು. ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಗ್ರಾನೈಟ್ ಎನ್ನಬೇಕಾದರೆ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್, ಧಾರಾಳವಾಗಿ ಇರಬೇಕು. ಇದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಣ ಸಣ್ಣದಾಗಿದ್ದರೆ ಇದು ಡಾಲರೈಟ್, ದಪ್ಪವಾಗಿದ್ದರೆ ಗ್ಯಾಬ್ರೊ. ಜಿಲ್ಲೆಯ ಜನರ ಲೆಕ್ಕ ಇನ್ನೂ ಸರಳ. ಕರಿಕಲ್ಲು ಒಂದು, ಬಿಳಿಕಲ್ಲು ಇನ್ನೊಂದು. ಗುಂಡ್ಲುಪೇಟೆ ಕಡೆ ಕ್ವಾರಿ ಎಂದರೆ ಹೆಚ್ಚಾಗಿ ಬಿಳಿಕಲ್ಲು. ನೆಲದಡಿಯ ಮೂಲ ಬಂಡೆ ಈ ಬಿಳಿಕಲ್ಲೇ, ಪಟ್ಟೆಪಟ್ಟೆಯ ನೈಸ್ ಶಿಲೆ. 250 ಕೋಟಿ ವರ್ಷಕ್ಕಿಂತ ಹಳೆಯದು. ಅದು ಸೀಳಿದಾಗ ಕೆಳಗಿನಿಂದ ಕುದಿಯುವ ಶಿಲಾರಸ ಸೀಳಿನೊಳಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿತು. ಹಾಗೆ ನಿಂತ ಗೋಡೆಯೇ ಡೈಕ್. ಮೇಲಿನಿಂದ ನೋಡಿದರೆ ಬಿಳಿ ಬಂಡೆಯ ನಡುವೆ ಕರಿಕಲ್ಲಿನ ಸಾಲೊಂದು ಹೊಲ, ಕೆರೆ, ಗುಡ್ಡ ಯಾವುದನ್ನೂ ಲೆಕ್ಕಿಸದೆ ನೇರ ಹೋಗುತ್ತಿರುತ್ತದೆ. ಕ್ವಾರಿಗಳೂ ಅದೇ ಸಾಲು ಹಿಡಿದು ಹೋಗುತ್ತವೆ.

ಕರಿಕಲ್ಲಿನಲ್ಲಿ ಮುಖ್ಯವಾಗಿ ಇರುವುದು ಎರಡು ಖನಿಜ. ಒಂದು ಪ್ಲೇಜಿಯೋಕ್ಲೇಸ್: ಕ್ಯಾಲ್ಸಿಯಂ, ಸೋಡಿಯಂ, ಅಲ್ಯೂಮಿನಿಯಂ ಸೇರಿದ್ದು, ತಾನೇ ತಾನಾಗಿದ್ದರೆ ಬಿಳುಪು. ಇನ್ನೊಂದು ಪೈರಾಕ್ಸೀನ್: ಕಬ್ಬಿಣ, ಮೆಗ್ನೀಷಿಯಂ ತುಂಬಿದ್ದು, ಕಪ್ಪು ಹಸಿರು. ಜೊತೆಗೆ ಚೂರುಪಾರು ಕಬ್ಬಿಣದ ಆಕ್ಸೈಡ್. ಮೊದಲೆರಡರ ಪಾಲು ಹೆಚ್ಚುಕಡಿಮೆ ಅರ್ಧರ್ಧ. ಅಕ್ಕಿಗೆ ಎಳ್ಳು ಬೆರೆಸಿದರೆ ಏನು ಕಾಣುತ್ತದೋ ಅದೇ ಕಾಣಬೇಕು. ಜಗತ್ತಿನ ಬಹಳ ಕಡೆ ಡಾಲರೈಟ್ ಹಾಗೇ ಇದೆ, ಕಪ್ಪು ಬಿಳಿ ಚುಕ್ಕೆ ಸೇರಿದ ಬೂದು. ನಮ್ಮದು ಹೇಗೆ ಇಷ್ಟು ಕಪ್ಪಾಯಿತು? ಉತ್ತರಕ್ಕೆ ಸ್ವಲ್ಪ ತಾಳಬೇಕು. ಮೊದಲು ಈ ಎರಡು ಖನಿಜ ಜೊತೆಯಾದ ಬಗೆ ನೋಡೋಣ.

ಕೊಳ್ಳೇಗಾಲ ಇದೇ ಜಿಲ್ಲೆಯ ಊರು, ರೇಷ್ಮೆಗೆ ಹೆಸರಾದದ್ದು. ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಅಡ್ಡಕ್ಕೆ ಲಾಳಿ ಓಡಿಸುವ ನೂಲು ಹೊಕ್ಕು. ಎರಡೂ ಈ ಅಂಚಿನಿಂದ ಆ ಅಂಚಿನವರೆಗೆ ಕಡಿಯದೆ ಹೋಗುತ್ತವೆ. ಕರಿಕಲ್ಲಿನಲ್ಲಿ ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸೀನ್ ಇರುವುದು ಹಾಗೆ, ಹಾಸುಹೊಕ್ಕಾಗಿ. ಚಿತ್ರಾನ್ನದಲ್ಲಿ ಕಡಲೆಬೀಜ ಕೂತ ಹಾಗಲ್ಲ. ಅಲ್ಲಿ ಬೀಜ ಬಿಡಿಬಿಡಿ, ಅನ್ನ ಮಾತ್ರ ಒಂದೇ ಮೈ. ವಸ್ತುವಿಜ್ಞಾನದಲ್ಲಿ ಇಂಥ ಒಂದೊಂದು ಭಾಗವನ್ನು ಪ್ರಾವಸ್ಥೆ ಎನ್ನುತ್ತಾರೆ. ಎರಡು ಪ್ರಾವಸ್ಥೆ ಎಷ್ಟೆಷ್ಟು ಇವೆ ಎಂಬುದು ಒಂದು ಪ್ರಶ್ನೆ, ಹೇಗೆ ಕೂತಿವೆ ಎಂಬುದು ಬೇರೆಯದೇ ಪ್ರಶ್ನೆ. ಹಿಡಿ ರೇಷ್ಮೆ ನೂಲೂ ಅಷ್ಟೇ ತೂಕದ ಬಟ್ಟೆಯ ತುಂಡೂ ತಕ್ಕಡಿಯಲ್ಲಿ ಒಂದೇ, ಹೆಣಿಗೆ ಮಾತ್ರ ಬಟ್ಟೆಯಲ್ಲಿದೆ.

ಹೆಣಿಗೆಯ ಮೂಲ ಶಿಲಾರಸ ತಣಿಯುವ ರೀತಿಯಲ್ಲಿದೆ. ಅಮೆರಿಕದ ಕಾರ್ನೆಗಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ನಾರ್ಮನ್ ಬೋವೆನ್ 1915ರಲ್ಲಿ ಇದನ್ನು ಕುಲುಮೆಯಲ್ಲಿಟ್ಟು ಅಳೆದರು. ಡಯಾಪ್ಸೈಡ್ ಎಂಬ ಪೈರಾಕ್ಸೀನ್ ಒಂಟಿಯಾಗಿದ್ದರೆ ಕರಗಲು ಸುಮಾರು 1392 ಡಿಗ್ರಿ ಸೆಲ್ಸಿಯಸ್ ಬೇಕು. ಅನಾರ್ಥೈಟ್ ಎಂಬ ಪ್ಲೇಜಿಯೋಕ್ಲೇಸ್‌ಗೆ 1553. ಎರಡನ್ನೂ 58ಕ್ಕೆ 42ರಂತೆ ಬೆರೆಸಿದರೆ 1274ಕ್ಕೇ ಕರಗುತ್ತದೆ. ತಣಿಯುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ: ಕೊನೆಯ ಘಟ್ಟದಲ್ಲಿ ಎರಡೂ ಹರಳು ಒಟ್ಟಿಗೇ ಕಟ್ಟಬೇಕು, ಒಂದು ಬೆಳೆಯುವ ಜಾಗದಲ್ಲೇ ಇನ್ನೊಂದೂ ಬೆಳೆಯಬೇಕು. ಡೈಕಿನೊಳಗೆ ಪ್ಲೇಜಿಯೋಕ್ಲೇಸ್ ಸಣ್ಣ ಪಟ್ಟಿಗಳಾಗಿ, ಪೊರಕೆಯ ತೆಂಗಿನ ಕಡ್ಡಿ ಚೆಲ್ಲಿದ ಹಾಗೆ ದಿಕ್ಕಾಪಾಲಾಗಿ ಬೆಳೆಯುತ್ತದೆ. ಪೈರಾಕ್ಸೀನ್ ಅದರ ಸಂದಿಗೊಂದಿಗಳನ್ನೆಲ್ಲ ಹೊಕ್ಕು ತುಂಬುತ್ತದೆ. ಬಿಳಿಕಲ್ಲಿಗೆ ತಾಗಿದ ಅಂಚಿನಲ್ಲಿ ಶಿಲಾರಸ ಬೇಗ ತಣಿದಿರುತ್ತದೆ, ಹಾಗಾಗಿ ಅಲ್ಲಿ ಕಣ ಸಣ್ಣ. ನಡುಮಧ್ಯದಲ್ಲಿ ನಿಧಾನ, ಕಣ ದಪ್ಪ. ಒಂದೇ ಕ್ವಾರಿಯ ಎರಡು ದಿಮ್ಮಿ ಒಂದೇ ಥರ ಇಲ್ಲದಿರುವುದಕ್ಕೆ ಇದು ಒಂದು ಕಾರಣ.

ಈ ಹೆಣಿಗೆಯನ್ನು ಅಳೆಯುವುದು ಹೇಗೆ? ಕಲ್ಲನ್ನು ಪುಡಿಮಾಡಿ ರಾಸಾಯನಿಕ ಪರೀಕ್ಷೆಗೆ ಕಳಿಸಿದರೆ ಎಷ್ಟು ಕಬ್ಬಿಣ, ಎಷ್ಟು ಕ್ಯಾಲ್ಸಿಯಂ ಎಂದು ತಿಳಿಯುತ್ತದೆ, ಹೆಣಿಗೆ ಮಾತ್ರ ಪುಡಿಯಾಗಿ ಹೋಗಿರುತ್ತದೆ. ಫ್ರಾನ್ಸಿನ ಭೂವಿಜ್ಞಾನಿ ಅಶೀಲ್ ಡೆಲೆಸ್ 1847ರಲ್ಲಿ ಕಂಡುಕೊಂಡ ದಾರಿ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಕಲ್ಲಿನ ಒಂದು ಮುಖವನ್ನು ಮಟ್ಟಸವಾಗಿ ಉಜ್ಜಿ, ಎಣ್ಣೆ ಕಾಗದ ಇಟ್ಟು, ಒಂದೊಂದು ಖನಿಜದ ಅಂಚನ್ನೂ ಗೆರೆ ಎಳೆದು ಬಣ್ಣ ತುಂಬಿದ. ಆ ಕಾಗದವನ್ನು ತವರದ ತೆಳು ಹಾಳೆಗೆ ಅಂಟಿಸಿ, ಕತ್ತರಿಯಿಂದ ಖನಿಜವಾರು ಕತ್ತರಿಸಿ, ಬೇರೆಬೇರೆಯಾಗಿ ತೂಗಿದ. ಚಪ್ಪಟೆ ಮುಖದಲ್ಲಿ ಒಂದು ಖನಿಜ ಆವರಿಸಿದ ಜಾಗದ ಪಾಲೂ ಇಡೀ ಕಲ್ಲಿನ ಗಾತ್ರದಲ್ಲಿ ಅದರ ಪಾಲೂ ಸಮ ಎಂಬುದು ಅವನು ತೋರಿಸಿದ ಸತ್ಯ. 1898ರಲ್ಲಿ ಆಸ್ಟ್ರಿಯಾದ ರೋಸಿವಾಲ್, ಇಡೀ ಜಾಗ ಏಕೆ, ಗೆರೆ ಎಳೆದು ಗೆರೆಯ ಎಷ್ಟು ಭಾಗ ಯಾವುದರ ಮೇಲೆ ಬಿತ್ತು ಎಂದು ಅಳೆದರೂ ಸಾಕು ಎಂದ. 1930ರ ದಶಕದಲ್ಲಿ ರಷ್ಯಾದ ಗ್ಲಾಗೊಲೆವ್ ಗೆರೆಯೂ ಬೇಡ, ಚುಕ್ಕಿ ಸಾಕು ಎಂದ.

ಚುಕ್ಕಿ ಎಂದರೆ ನಮ್ಮ ಹೆಣ್ಣುಮಕ್ಕಳು ಬೆಳಗೆದ್ದು ಇಡುವ ರಂಗೋಲಿಯ ಚುಕ್ಕಿಯೇ. ಅಂಗಳದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಒಟ್ಟು 400 ಚುಕ್ಕಿ ಇಟ್ಟಿರಿ ಎನ್ನಿ. ಅಷ್ಟೇ ಚುಕ್ಕಿಗಳ ಜಾಲವನ್ನು ಕಲ್ಲಿನ ಚಿತ್ರದ ಮೇಲೆ ಹಾಸಿ, ಪ್ಲೇಜಿಯೋಕ್ಲೇಸ್ ಮೇಲೆ ಬಿದ್ದವನ್ನು ಎಣಿಸಿ. 220 ಬಂದರೆ ಅದರ ಪಾಲು ನೂರಕ್ಕೆ 55. ತಪ್ಪಾಗುವ ಅಳತೆ ಎರಡೂವರೆಯಷ್ಟು ಆಚೆ ಈಚೆ. ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ ಚುಕ್ಕಿ ನಾಲ್ಕು ಪಟ್ಟು ಬೇಕು. ಶಾಲೆಯ ಮಕ್ಕಳಿಗೆ ಸಂಭವನೀಯತೆ ಕಲಿಸುವವರು ಒಂದು ಕಲ್ಲಿನ ಫೋಟೊ, ಒಂದು ಚೌಕುಳಿ ಹಾಳೆ ಕೊಟ್ಟು ನೋಡಲಿ ಎಂದು ನನಗೆ ತುಂಬ ಆಸೆ.

ತಾಳೆ ನೋಡಲು ಇನ್ನೊಂದು ದಾರಿಯೂ ಇದೆ, ತಕ್ಕಡಿ ಮತ್ತು ಒಂದು ಬಕೆಟ್ಟು ನೀರು. ಪ್ಲೇಜಿಯೋಕ್ಲೇಸ್‌ನ ಸಾಂದ್ರತೆ ನೀರಿನ 2.7 ಪಟ್ಟು, ಪೈರಾಕ್ಸೀನ್‌ನದು ಸುಮಾರು 3.3 ಪಟ್ಟು. ಕಲ್ಲನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿದಾಗ ಸಾಂದ್ರತೆ 3.0 ಬಂದರೆ ಎರಡೂ ಅರ್ಧರ್ಧ. ಆಕ್ಸೈಡುಗಳ ಭಾರ ಲೆಕ್ಕವನ್ನು ಸ್ವಲ್ಪ ಎಳೆದಾಡುತ್ತದೆ, ಆದರೂ ಚುಕ್ಕಿ ಎಣಿಕೆ ದಾರಿತಪ್ಪಿದ್ದರೆ ಇಷ್ಟರಿಂದಲೇ ಗೊತ್ತಾಗಿಬಿಡುತ್ತದೆ.

ಇಷ್ಟೂ ‘ಎಷ್ಟು’ ಎಂಬುದರ ಲೆಕ್ಕ. ‘ಹೇಗೆ’ ಎನ್ನುವುದಕ್ಕೆ ಚುಕ್ಕಿಯ ಬದಲು ಕಡ್ಡಿ ಬೇಕು. ಒಂದು ಅಳತೆಯ ಕಡ್ಡಿಯನ್ನು ಚಿತ್ರದ ಮೇಲೆ ಮನಬಂದಂತೆ ಮತ್ತೆಮತ್ತೆ ಎಸೆಯಿರಿ. ಎರಡು ತುದಿಯೂ ಬಿಳಿ ಖನಿಜದ ಮೇಲೇ ಬಿದ್ದದ್ದು ಎಷ್ಟು ಸಲ? ಕಡ್ಡಿ ತೀರ ಚಿಕ್ಕದಾಗಿದ್ದರೆ ಎರಡು ತುದಿಯೂ ಒಂದೇ ಕಣದಲ್ಲಿ ಬೀಳುತ್ತವೆ, ಉತ್ತರ ಆ 55ರ ಹತ್ತಿರ. ಕಡ್ಡಿ ಬಹಳ ಉದ್ದವಾದರೆ ಒಂದು ತುದಿಗೂ ಇನ್ನೊಂದಕ್ಕೂ ಸಂಬಂಧವೇ ಉಳಿಯದು. ಆಗ ಉತ್ತರ 55ರಲ್ಲಿ ನೂರಕ್ಕೆ 55 ಪಾಲು, ಅಂದರೆ ನೂರಕ್ಕೆ ಸುಮಾರು 30ಕ್ಕೆ ಇಳಿಯುತ್ತದೆ. 55ರಿಂದ 30ಕ್ಕೆ ಇಳಿಯುವ ಆ ಜಾರು ಎಷ್ಟು ಕಡಿದಾಗಿದೆ ಎಂಬುದರಲ್ಲಿ ಕಣದ ಗಾತ್ರವೂ ಇದೆ, ಎರಡು ಖನಿಜ ಮುಖಾಮುಖಿಯಾಗಿರುವ ಗಡಿಯ ವಿಸ್ತಾರವೂ ಇದೆ. ಕಡ್ಡಿಯನ್ನು ಉದ್ದಕ್ಕೆ ಹಿಡಿದಾಗ ಒಂದು ಉತ್ತರ, ಅಡ್ಡಕ್ಕೆ ಹಿಡಿದಾಗ ಇನ್ನೊಂದು ಬಂದರೆ ಕಲ್ಲಿಗೆ ಎಳೆ ಇದೆ ಎಂದರ್ಥ. ಪಟ್ಟೆಯ ಬಿಳಿಕಲ್ಲಿಗೆ ಎಳೆ ಇದೆ, ಒಡೆಯುವವರು ಅದನ್ನು ನೋಡಿಯೇ ಉಳಿ ಇಡುತ್ತಾರೆ. ಕಡ್ಡಿ ಚೆಲ್ಲಿದಂತಿರುವ ಕರಿಕಲ್ಲಿಗೆ ಹೇಳಿಕೊಳ್ಳುವಂಥ ಎಳೆ ಇಲ್ಲ. ಅದಕ್ಕೇ ಯಾವ ದಿಕ್ಕಿನಿಂದ ಉಜ್ಜಿದರೂ ಒಂದೇ ಹೊಳಪು.

ಒಂದು ಎಚ್ಚರ ಇರಬೇಕು. ಚಪ್ಪಟೆ ಚಿತ್ರ ನಮಗೆ ಮೋಸ ಮಾಡುತ್ತದೆ. ಕಾಗದದ ಮೇಲೆ ಕಪ್ಪು ಎಡದಂಚಿನಿಂದ ಬಲದಂಚಿಗೆ ಕಡಿಯದ ದಾರಿ ಮಾಡಿಕೊಂಡಿತೆಂದರೆ, ಬಿಳಿಗೆ ಮೇಲಿಂದ ಕೆಳಕ್ಕೆ ಹೋಗುವ ದಾರಿ ಮುಚ್ಚಿತು. ಎರಡೂ ಇಡಿಯಾಗಿರಲು ಅಲ್ಲಿ ಸಾಧ್ಯವೇ ಇಲ್ಲ. ಆದರೆ ಬಟ್ಟೆಯಲ್ಲಿ ಸಾಧ್ಯವಾಗಿದೆಯಲ್ಲ? ಹೊಕ್ಕಿನ ನೂಲು ಹಾಸಿನ ಮೇಲೊಮ್ಮೆ ಕೆಳಗೊಮ್ಮೆ ಹಾಯುವುದರಿಂದ, ಆ ಒಂದಿಷ್ಟು ದಪ್ಪ ಇರುವುದರಿಂದ ಸಾಧ್ಯವಾಗಿದೆ. ಕಲ್ಲಿನಲ್ಲೂ ಹಾಗೇ, ಕೊಯ್ದ ಮುಖದಲ್ಲಿ ಒಂಟಿ ದ್ವೀಪಗಳಂತೆ ಕಾಣುವ ಪೈರಾಕ್ಸೀನ್ ತುಣುಕುಗಳು ಒಳಗೆ ಒಂದೇ ಹರಳಿನ ಕೊಂಬೆಗಳಾಗಿರಬಹುದು. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇದನ್ನು ಪತ್ತೆ ಹಚ್ಚುವ ಸೊಗಸೇ ಬೇರೆ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದರೆ ಬಂಡೆಯೂ ಗಾಜಿನಂತೆ ಪಾರದರ್ಶಕ. ಇಂಗ್ಲೆಂಡಿನ ಹೆನ್ರಿ ಸಾರ್ಬಿ 1849ರಲ್ಲಿ ಮೊದಲು ಇಂಥ ತೆಳು ಸೀಳು ಮಾಡಿದ. ಮುಂದೆ 1860ರ ದಶಕದಿಂದ ಉಕ್ಕನ್ನೂ ಉಜ್ಜಿ ನೋಡತೊಡಗಿ, ಮುತ್ತಿನ ಹೊಳಪಿನ ಭಾಗವನ್ನು ಕಂಡ. ಅದು ಮೆದು ಕಬ್ಬಿಣ ಮತ್ತು ಗಡಸು ಕಾರ್ಬೈಡ್ ಎಂಬ ಎರಡು ಪ್ರಾವಸ್ಥೆಗಳ ಹೆಣಿಗೆ.  ಕರಿಕಲ್ಲಿನ ತೆಳು ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತಟ್ಟೆ ತಿರುಗಿಸಿದರೆ ಪ್ಲೇಜಿಯೋಕ್ಲೇಸ್ ಬೂದು ಬಿಳಿ ಪಟ್ಟೆಗಳಾಗಿ, ಪೈರಾಕ್ಸೀನ್ ನೀಲಿ, ಗುಲಾಬಿ, ಹಳದಿಯಾಗಿ ಮಿನುಗುತ್ತದೆ. ದೂರ ದೂರದ ನಾಲ್ಕಾರು ನೀಲಿ ತುಣುಕುಗಳು ಒಂದೇ ಕ್ಷಣದಲ್ಲಿ ಕತ್ತಲಾಗಿ, ಒಂದೇ ಕ್ಷಣದಲ್ಲಿ ಮತ್ತೆ ಹೊತ್ತಿಕೊಂಡರೆ, ಅವು ಒಂದೇ ಹರಳಿನ ಕೊಂಬೆಗಳು ಎಂದು ಗೊತ್ತಾಗುತ್ತದೆ.

ಈಗ ಕಪ್ಪಿನ ಗುಟ್ಟು. ಸೂಕ್ಷ್ಮದರ್ಶಕಕ್ಕೆ ಇನ್ನೂ ಹೆಚ್ಚು ಹಿಗ್ಗಿಸಿ ತೋರಿಸುವ ಮಸೂರ ಹಾಕಿ, ಬಿಳಿಯಾಗಿರಬೇಕಾದ ಪ್ಲೇಜಿಯೋಕ್ಲೇಸ್ ಪಟ್ಟಿಯ ಒಳಗೇ ನೋಡಬೇಕು. ಅದು ಶುಭ್ರವಾಗಿಲ್ಲ. ದೀಪದ ಹೊಗೆ ಹಿಡಿದ ಗಾಜಿನ ಚಿಮಣಿಯ ಹಾಗೆ ಕಂದುಗಪ್ಪು ಮೋಡ ಕವಿದಿದೆ. ಆ ಮೋಡ ಎಂದರೆ ಮೈಕ್ರಾನ್‌ಗೂ ಸಣ್ಣ, ಎಣಿಸಲಾಗದಷ್ಟು ಕಬ್ಬಿಣದ ಆಕ್ಸೈಡ್ ಕಣಗಳು. ಒಟ್ಟು ಸೇರಿಸಿದರೂ ಕಲ್ಲಿನ ಗಾತ್ರದಲ್ಲಿ ಅವುಗಳ ಪಾಲು ಅತ್ಯಲ್ಪ. 400 ಚುಕ್ಕಿಯ ರಂಗೋಲಿಯಲ್ಲಿ ಅವು ಲೆಕ್ಕಕ್ಕೇ ಸಿಗುವುದಿಲ್ಲ, ತಕ್ಕಡಿ ಅವನ್ನು ಗಮನಿಸುವುದಿಲ್ಲ. ಆದರೆ ಹರಳಿನ ಮೈತುಂಬ ಸಮನಾಗಿ ಹರಡಿರುವುದರಿಂದ ಒಳಬಂದ ಬೆಳಕು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅದೇ ಕಬ್ಬಿಣ ಒಂದು ಕಡೆ ಗುಡ್ಡೆಯಾಗಿ ಕೂತಿದ್ದರೆ ಅಲ್ಲೊಂದು ಕಪ್ಪು ಚುಕ್ಕೆ ಕಾಣುತ್ತಿತ್ತು, ಮಿಕ್ಕದ್ದು ಬೂದಾಗಿಯೇ ಉಳಿಯುತ್ತಿತ್ತು. ಚಾಮರಾಜನಗರದ ಕಲ್ಲಿಗೆ ಬಂದ ಬೆಲೆ, ನನ್ನ ದೃಷ್ಟಿಯಲ್ಲಿ, ತೂಕಕ್ಕೆ ಸಿಗದ ಈ ಹರಡುವಿಕೆಗೆ ಬಂದ ಬೆಲೆ.

ಮೋಡ ಬಂದದ್ದೆಲ್ಲಿಂದ? ನಮ್ಮ ನೆಲದಡಿಯ ಹಳೆಯ ಬಂಡೆಗಳ ಹಾಸಾದ ಧಾರವಾಡ ಶಿಲಾಸ್ತೋಮದಲ್ಲಿ ಪೂರ್ವ–ಪಶ್ಚಿಮವಾಗಿ ಹೋಗುವ ಡೈಕುಗಳನ್ನು ಭೂವಿಜ್ಞಾನಿಗಳಾದ ಹೆನ್ರಿ ಹಾಲ್ಸ್, ಅನಿಲ್ ಕುಮಾರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಡೈಕುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ದಕ್ಷಿಣಕ್ಕೆ ಹೋದ ಹಾಗೆ ಹರಳುಗಳ ಮೋಡ ದಟ್ಟವಾಗುತ್ತದೆ. ಕಾರಣ, ಕರ್ನಾಟಕದ ನೆಲ ಪುಸ್ತಕದ ಹಾಗೆ ಓರೆಯಾಗಿ ಬಿದ್ದಿದೆ: ಉತ್ತರದಲ್ಲಿ ಮೇಲಿನ ಪುಟ, ದಕ್ಷಿಣಕ್ಕೆ ಬಂದಷ್ಟೂ ಆಳದ ಪುಟ. ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಶಿಲೆ ಒಂದು ಕಾಲದಲ್ಲಿ ಹತ್ತಾರು ಕಿಲೋಮೀಟರ್ ಆಳದಲ್ಲಿ ಬೆಂದದ್ದು.   ಅಷ್ಟು ಆಳದಲ್ಲಿ ಡೈಕು ಬಹುಕಾಲ ಬಿಸಿಯಾಗಿಯೇ ಉಳಿಯಿತು. ಪ್ಲೇಜಿಯೋಕ್ಲೇಸ್ ಹರಳು ಕಟ್ಟುವಾಗ ಅದರೊಳಗೆ ಸೇರಿಕೊಂಡಿದ್ದ ಚೂರು ಕಬ್ಬಿಣಕ್ಕೆ, ನಿಧಾನ ತಣಿಯುವಾಗ ಅಲ್ಲಿ ಇರಲಾಗದೆ ಕಣಕಣವಾಗಿ ಹೊರಬೀಳಲು ವ್ಯವಧಾನ ಸಿಕ್ಕಿತು. ಪಾಕ ಆರುವಾಗ ಸಕ್ಕರೆ ಹರಳಾಗಿ ಬಿಟ್ಟುಕೊಳ್ಳುವ ಹಾಗೆ. ಬಿಸಿ ದ್ರವಗಳ ಕೈವಾಡವೂ ಇರಬಹುದೆಂಬ ವಾದವಿದೆ. ಇದೇ ಡೈಕುಗಳ ಕಾಂತೀಯ ಕಣಗಳನ್ನು ಓದಿ, ಅವು ಹೆಪ್ಪುಗಟ್ಟಿದಾಗ ನಮ್ಮ ನೆಲ ಧ್ರುವದ ಸಮೀಪದಲ್ಲಿತ್ತು ಎಂದೂ ಲೆಕ್ಕ ಹಾಕಿದ್ದಾರೆ. ಚಾಮರಾಜನಗರದ ಬಿಸಿಲಿನಲ್ಲಿ ನಿಂತು ಇದನ್ನು ನೆನೆದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ಮೇಸ್ತ್ರಿಯ ನೀರಿಗೆ ಬರೋಣ. ಕನ್ನಡಿಯಂತೆ ಉಜ್ಜಿದ ಮುಖಕ್ಕೆ ಬಿದ್ದ ಬೆಳಕಿನಲ್ಲಿ ನೂರರಲ್ಲಿ ಐದರಷ್ಟು ಮಾತ್ರ ನೇರ ಹಿಂದಿರುಗುತ್ತದೆ; ಉಳಿದದ್ದು ಒಳಹೋಗಿ ಮೋಡದಲ್ಲಿ ಕಳೆದುಹೋಗುತ್ತದೆ. ಒರಟು ಮುಖದಲ್ಲಿ ಲಕ್ಷ ಲಕ್ಷ ಪುಟ್ಟ ಮೊನೆಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ, ಕಣ್ಣಿಗೆ ಬೂದು ಕಾಣುತ್ತದೆ. ನೀರು ಆ ಮೊನೆಗಳ ನಡುವಿನ ಗುಳಿ ತುಂಬಿ, ಎರಡು ನಿಮಿಷದ ಮಟ್ಟಿಗೆ ಪಾಲಿಷ್ ಮಾಡಿದಂತೆ ಮಾಡುತ್ತದೆ. ಕರಿಕಲ್ಲು ಇಷ್ಟು ಚೆನ್ನಾಗಿ ಪಾಲಿಷ್ ಹಿಡಿಯುವುದಕ್ಕೂ ಈ ಎರಡು ಖನಿಜಗಳ ಜೋಡಿಯೇ ಕಾರಣ. ಗಡಸುತನದ ಅಳತೆಯಲ್ಲಿ ಪ್ಲೇಜಿಯೋಕ್ಲೇಸ್ 6ರಿಂದ 6.5, ಪೈರಾಕ್ಸೀನ್ 5.5ರಿಂದ 6. ಇಬ್ಬರೂ ಸಮಬಲರು, ಒಟ್ಟಿಗೇ ಸವೆಯುತ್ತಾರೆ. ಬಿಳಿಕಲ್ಲಿನಲ್ಲಿ ಕ್ವಾರ್ಟ್ಜ್ 7, ಅದರ ಪಕ್ಕದ ಅಭ್ರಕ 3ಕ್ಕೂ ಕಡಿಮೆ. ಉಜ್ಜುವಾಗ ಅಭ್ರಕ ಕಿತ್ತುಹೋಗಿ ಗುಳಿ ಬೀಳುತ್ತದೆ.

ಕಪ್ಪು ಹೊಳಪಿನ ಮೇಲೆ ಕೊರೆದ ಅಕ್ಷರ ಬಿಳಿಚಾಗಿ ಎದ್ದು ಕಾಣುವುದು ಇದೇ ಬೆಳಕಿನಾಟದಿಂದ, ಬಣ್ಣ ತುಂಬುವ ಅಗತ್ಯವೇ ಇಲ್ಲ. ಅದಕ್ಕೇ ಯುರೋಪು, ಜಪಾನುಗಳ ಸ್ಮಶಾನಗಳಿಗೆ ದಕ್ಷಿಣ ಭಾರತದ ಕರಿಕಲ್ಲು ಹೋಗುತ್ತದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದ ವಿಯೆಟ್ನಾಂ ಯೋಧರ ಸ್ಮಾರಕದ ಕಪ್ಪು ಗೋಡೆ ಬೆಂಗಳೂರು ಕಡೆಯಿಂದ ಹೋದ ಕಲ್ಲು. ವಿದ್ಯಾರ್ಥಿನಿಯಾಗಿದ್ದ ಮಾಯಾ ಲಿನ್ ಅದನ್ನು ರೂಪಿಸಿದರು. 58,000ಕ್ಕೂ ಹೆಚ್ಚು ಹೆಸರುಗಳು ಅದರ ಮೇಲಿವೆ. ಬಂದವರು ಹೆಸರು ಓದುವಾಗ ಗೋಡೆಯೊಳಗೆ ತಮ್ಮದೇ ಮುಖ ಕಾಣುತ್ತದೆ. ಕಲ್ಲು ಒರಟಾದಲ್ಲಿ ಹೆಸರು, ನುಣುಪಾದಲ್ಲಿ ಮುಖ.

ಇಷ್ಟೆಲ್ಲ ಬರೆದ ಮೇಲೂ ಕ್ವಾರಿಯ ಅಂಚಿನ ರಾಶಿ ನನ್ನ ಕಣ್ಣಿಂದ ಹೋಗಿಲ್ಲ. ಒಂದು ಗೆರೆ, ಒಂದು ಬಿಳಿ ಚುಕ್ಕೆ, ಒಂದು ಕೂದಲ ಬಿರುಕು ಕಂಡದ್ದಕ್ಕೆ ತಿರಸ್ಕರಿಸಿದ ದಿಮ್ಮಿಗಳು ಗುಡ್ಡದ ಹಾಗೆ ಬಿದ್ದಿವೆ. ಗೆರೆ ಎಂದರೆ ಕಲ್ಲು ಗಟ್ಟಿಯಾದ ಮೇಲೆ ಅದರ ಬಿರುಕಿಗೆ ಬೇರೆ ಖನಿಜ ಬಂದು ಸೇರಿಕೊಂಡದ್ದು. ಕಲ್ಲಿನ ಬಲ ಅದರಿಂದ ಎಷ್ಟು ಕುಂದಿದೆ ಎಂದು ಅಳೆಯುವವರು ಕಡಿಮೆ, ಕಣ್ಣಿಗೆ ಕಂಡರೆ ಮುಗಿಯಿತು. ಹೀಗೆ ಎಸೆದದ್ದನ್ನು ಹೆಣಿಗೆ ಅಳೆದು ವಿಂಗಡಿಸಿದರೆ ಎಷ್ಟೋ ಕಲ್ಲು ಅಳತೆ ಫಲಕಕ್ಕೋ, ಯಂತ್ರದ ಪೀಠಕ್ಕೋ, ಕೊನೆಗೆ ಕಾಲುವೆಯ ಕಟ್ಟೆಗೋ ಆಗುತ್ತದೆ. ಹೊಸ ಗುಂಡಿ ಅಷ್ಟು ಕಡಿಮೆಯಾಗುತ್ತದೆ.

ಸೂಕ್ಷ್ಮದರ್ಶಕ ಎಂದೂ ತೋರಿಸದ ಬಿರುಕುಗಳೂ ಇವೆ. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ 2022ರ ಮಾರ್ಚ್‌ನಲ್ಲಿ ಬಿಳಿಕಲ್ಲಿನ ಗುಡ್ಡ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಗುಡ್ಡದ ಬಿರುಕುಗಳ ಅಳತೆ ಮಾರುಗಳಲ್ಲಿ. ಅವನ್ನು ಓದುವ ವಿದ್ಯೆಯೂ ನಮ್ಮಲ್ಲಿದೆ. ಕಲ್ಲಿನ ಹೊಳಪಿಗೆ ಕೊಡುವಷ್ಟು ಗಮನವನ್ನು ಅದನ್ನು ಕೀಳುವವರ ತಲೆಯ ಮೇಲಿನ ಬಂಡೆಗೂ ಕೊಡಲೇಬೇಕು.

ಹೊರಡುವಾಗ ಮೇಸ್ತ್ರಿ ಅಂಗೈ ಅಗಲದ ಒಂದು ಚೆಕ್ಕೆ ಕೊಟ್ಟರು. ಒಂದು ಮೂಲೆಯಲ್ಲಿ ಬಿಳಿ ಗೆರೆ ಇತ್ತು, ಅದಕ್ಕೇ ಕೊಟ್ಟದ್ದು. ಈಗ ಅದು ಮನೆಯಲ್ಲಿ ತುಳಸಿಕಟ್ಟೆಯ ಮೇಲಿದೆ. ದಿನವೂ ಬೆಳಿಗ್ಗೆ ಗಿಡಕ್ಕೆ ಹಾಕಿದ ನೀರು ಅದರ ಮೇಲೂ ಬೀಳುತ್ತದೆ. ಕಪ್ಪಾಗುತ್ತದೆ, ಗೆರೆ ಎದ್ದು ಕಾಣುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಬೂದಿ.